ತೂತು ಸಿಕ್ತಾ?

ಹೊಳೆನರಸೀಪುರಕ್ಕೆ ಹೋದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: “ಇನ್ನೂ ಓದ್ತಾನೇ ಇದೀಯಾ?” ಕೇಳುವವರದ್ದೇನೂ ತಪ್ಪಿಲ್ಲ. ನನಗೀಗ 28. ಜೊತೆಗೆ ಓದಿದ ಕೆಲವರ ಮಕ್ಕಳು ಆಗಲೇ ಅಂಗನವಾಡಿಗೆ ಹೋಗುತ್ತಿದ್ದಾರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮುಗಿಸಿದ ಮೇಲೆ, ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕಿ, ಬೆಂಗಳೂರಿನ ಸಂಸ್ಥೆಯೊಂದರ ಎಂಜಿನಿಯರಿಂಗ್ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿದೆ. ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಐದು ವರ್ಷಕ್ಕೆ ಆ ಹಣ ನಿಲ್ಲುತ್ತದೆ. ನನ್ನದು ನಾಲ್ಕನೆಯ ವರ್ಷ.

ಎಂ.ಎಸ್ಸಿ.ಯಲ್ಲಿ ಲೆಕ್ಕ ಬಿಡಿಸಲಾಗದಿದ್ದರೆ ಪುಸ್ತಕದ ಕೊನೆಯಲ್ಲಿ ಉತ್ತರ ಇರುತ್ತಿತ್ತು. ಇಲ್ಲಿ ಆ ಪುಟವೇ ಇಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪದ ಲೋಹದ ಪದರ ಮಾಡುವುದು ನನ್ನ ಕೆಲಸ. ಅದಕ್ಕೆ ಉಕ್ಕಿನ ಪೆಟ್ಟಿಗೆಯೊಳಗಿನ ಒತ್ತಡ ಹೊರಗಿನ ಗಾಳಿಯ ನೂರು ಕೋಟಿಯಲ್ಲೊಂದು ಪಾಲಿಗೆ ಇಳಿಯಬೇಕು. ಕಳೆದ ವರ್ಷ ಮೂರು ತಿಂಗಳು ಅದು ಇಳಿಯಲೇ ಇಲ್ಲ. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿತ್ತು. ಸಮೀಕರಣ ಗೊತ್ತಿತ್ತು, ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ. ಎಲ್ಲ ಬಿಟ್ಟು ಯಾವುದಾದರೂ ಕಾಲೇಜಿಗೆ ಪಾಠ ಮಾಡಲು ಸೇರಿಬಿಡೋಣ ಎಂದು ತೀರ್ಮಾನಿಸಿ ಊರಿಗೆ ಬಂದೆ.

ಅಪ್ಪನದು ಸೈಕಲ್ ಶಾಪು. ಈಗ ವ್ಯಾಪಾರ ಕಡಿಮೆ. ವಿಷಯ ಹೇಳಿದೆ. ಅಪ್ಪ ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಂಡ್ಲಿಯಲ್ಲಿ ಇಷ್ಟಿಷ್ಟೇ ಅದ್ದಿ ತಿರುಗಿಸುತ್ತಾ, “ಒಂದು ಸುತ್ತು ಪೂರ್ತಿ ನೋಡಿದ್ಯಾ ಮಗ, ಇಲ್ಲ ಅಲ್ಲೊಂದು ಇಲ್ಲೊಂದು ಕಡೆ ನೋಡಿದ್ಯಾ?” ಅಂದ.

ನಾನು ಅಲ್ಲೊಂದು ಇಲ್ಲೊಂದು ಕಡೆ ನೋಡಿದ್ದೆ.

ವಾಪಸ್ ಹೋಗಿ ಪ್ರತಿ ಜೋಡಣೆಗೂ ನಂಬರು ಬರೆದೆ. ಒಂದೊಂದಕ್ಕೂ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ ಒತ್ತಡಮಾಪಕ ನೋಡುತ್ತಾ ಹೋದೆ. ಸೋರುವ ಜಾಗದಲ್ಲಿ ಅಂಕಿ ಸಟ್ಟನೆ ಬದಲಾಗುತ್ತದೆ. 17ನೆಯದರಲ್ಲಿ ಬದಲಾಯಿತು. ಬಿಚ್ಚಿದರೆ ರಬ್ಬರ್ ಉಂಗುರದ ಮೇಲೆ ಒಂದು ಕೂದಲು. ನನ್ನದೇ ಇರಬೇಕು.

ಆ ದಿನಗಳಲ್ಲೇ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ಓದಿದೆ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದ ಅವರಿಗೆ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಬಂದದ್ದು 1960ರಲ್ಲಿ, 40ರ ಆಸುಪಾಸಿನಲ್ಲಿ. ಓದಿಗೆ ವಯಸ್ಸಿಲ್ಲ ಎನ್ನುವ ಧೈರ್ಯ ಬಂತು. ಆದರೆ ಮನೆಯ ಖರ್ಚಿಗೆ ವಯಸ್ಸು, ತಾರೀಕು ಎರಡೂ ಇವೆ. ಆ ಹೆದರಿಕೆ ಹೋಗಿಲ್ಲ.

ಎಂ.ಎಸ್ಸಿ. ಮುಗಿಸಿ ಈ ಕಡೆ ಬರಬೇಕೆನ್ನುವ ತಮ್ಮ ತಂಗಿಯರಿಗೆ ಒಂದೇ ಮಾತು: ಸೇರುವ ಮೊದಲು ಲ್ಯಾಬ್ ನೋಡಿ. ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಎಷ್ಟು ವರ್ಷ ಹಿಡಿಯಿತು, ಹಣ ನಿಂತ ಮೇಲೆ ಏನು ಮಾಡಿದಿರಿ ಎಂದು ಸಂಕೋಚವಿಲ್ಲದೆ ಕೇಳಿ.

ಪದರ ಈಗ ಬರುತ್ತಿದೆ. ಆದರೆ ನಾವು ಅಂದುಕೊಂಡ ಹಾಗೆ ವಿದ್ಯುತ್ ಹರಿಸುತ್ತಿಲ್ಲ. ಭಾನುವಾರ ಫೋನ್ ಮಾಡಿದಾಗ ಅಪ್ಪ ಪಿಎಚ್.ಡಿ. ಯಾವಾಗ ಮುಗಿಯುತ್ತೆ ಅಂತ ಕೇಳುವುದಿಲ್ಲ. “ತೂತು ಸಿಕ್ತಾ?” ಅಂತಾನೆ. “ಹಳೇದು ಸಿಕ್ತಪ್ಪ, ಇದು ಬೇರೆ” ಅಂತೀನಿ.