ಪಂಖಾದ ಪಿಚ್ಚೂ ಬೀದರಿನ ಆಕಾಶವೂ

ಬೀದರಿನ ಮಾಳಿಗೆಗಳ ಮೇಲೆ ನಿಂತು ಆಕಾಶ ನೋಡುತ್ತ ಬಂದ ಪೀಳಿಗೆಗೆ ಎಚ್‌ಟಿ-2 ತರಬೇತಿ ವಿಮಾನದ ಪಂಖಾ ಸದ್ದು ನೆನಪಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟ್ಗೆ ರೂಪಿಸಿದ ವಿಮಾನ ಅದು. ಆಮೇಲೆ ಪಂಖಾ ಮರೆಯಾಗಿ ಜೆಟ್ಟಿನ ಕಾಲ ಬಂತು. 1996ರಲ್ಲಿ ಕಿರಣ್ ಮಾರ್ಕ್-2 ವಿಮಾನಗಳೊಂದಿಗೆ ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡ ಇಲ್ಲಿನ ವಾಯುನೆಲೆಯಲ್ಲೇ ಹುಟ್ಟಿತು, 2011ರಲ್ಲಿ ನಿಂತಿತು, ಮುಂದೆ ಹಾಕ್ ವಿಮಾನಗಳ ಮೇಲೆ ಮತ್ತೆ ಎದ್ದಿತು. ಹೀಗೆ ಪ್ರತಿ ಸಲವೂ ವೇಗ ಏರಿದ್ದರಿಂದ, ಕಸರತ್ತು ಬೆಳೆಯುವುದೆಂದರೆ ವೇಗ ಬೆಳೆಯುವುದು ಎಂದು ಊರು ನಂಬಿದೆ. ರೇಡಿಯೊ ಮಾಡಲ್ ವಿಮಾನಗಳ ನಿಖರ ಕಸರತ್ತು ಇದಕ್ಕೆ ತದ್ವಿರುದ್ಧವಾಗಿ ನಡೆದಿದೆ. ನನ್ನ ಲೆಕ್ಕದಲ್ಲಿ ಸರಿಯಾದ ದಾರಿ ಅದೇ.

1970ರ ದಶಕದ ಮಾಡಲ್‌ಗಳು 10 ಸಿಸಿ ಎಂಜಿನ್ನಿಗೆ ಚಿಕ್ಕ ಪಂಖಾ ಕಟ್ಟಿಕೊಂಡು ಸೀಟಿ ಹೊಡೆಯುತ್ತ ಓಡುತ್ತಿದ್ದವು. 1980ರ ದಶಕದಲ್ಲಿ ಒಂದು ಆಕೃತಿಗೆ ಇನ್ನೊಂದನ್ನು ಬಿಡುವಿಲ್ಲದೆ ಪೋಣಿಸುವ ಪದ್ಧತಿ ಬಂದಾಗ ಆ ಓಟವೇ ತೊಡಕಾಯಿತು. ತಿರುವಿನ ಎಳೆತ (g) ಅಷ್ಟೇ ಇದ್ದು ವೇಗ ಇಮ್ಮಡಿಯಾದರೆ ಸುತ್ತಿನ ತ್ರಿಜ್ಯ ನಾಲ್ಕು ಪಟ್ಟಾಗುತ್ತದೆ, ವಿಮಾನ ಕಸರತ್ತಿಗೆ ಗೊತ್ತುಮಾಡಿದ ಚೌಕಟ್ಟು ದಾಟಿಹೋಗುತ್ತದೆ. ವೇಗ ತಗ್ಗಿಸುವ ದಾರಿ ಪಂಖಾದ ಪಿಚ್ ಇಳಿಸುವುದು. ಪಿಚ್ ಎಂದರೆ ಮರಕ್ಕೆ ತಿರುಪು ಇಳಿದ ಹಾಗೆ, ಪಂಖಾ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ. 13 ಇಂಚು ಪಿಚ್ಚಿನ ಪಂಖಾ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಗಂಟೆಗೆ ಸುಮಾರು 119 ಕಿ.ಮೀ. ಆಯಿತು. ಪಿಚ್ ಇಳಿಸಿದರೆ ಏರುವ ಬಲ ಕುಗ್ಗದೇ ಎಂದು ಕೇಳಬಹುದು. ವ್ಯಾಸ ಹಿಗ್ಗಿಸಿದರೆ ಆ ನಷ್ಟ ತುಂಬುತ್ತದೆ. ದೊಡ್ಡ ಪಂಖಾವನ್ನು ನಿಧಾನವಾಗಿ ತಿರುಗಿಸುವುದು ವಿದ್ಯುತ್ ಮೋಟಾರಿಗೆ ಕಷ್ಟವಲ್ಲ. ಲಾಭ ಕಾಣುವುದು ಇಳಿಯುವಾಗ: ಥ್ರಾಟಲ್ ಇಳಿಸಿದೊಡನೆ ಆ ಅಗಲದ ಪಂಖಾ ಗಾಳಿಗೆ ಅಡ್ಡ ಹಿಡಿದ ತಟ್ಟೆಯಂತೆ ಬ್ರೇಕಾಗಿ, ಏರುವಾಗಿನ ವೇಗವೇ ಇಳಿಯುವಾಗಲೂ ಉಳಿಯುತ್ತದೆ. ಸ್ಪರ್ಧೆಯಲ್ಲಿ ತೀರ್ಪುಗಾರನ ಕಣ್ಣು ಹುಡುಕುವುದೂ ಅದನ್ನೇ. ಒಡಲನ್ನು ಎತ್ತರಕ್ಕೆ ಕಟ್ಟುವುದಕ್ಕೂ ಕಾರಣವಿದೆ. ವಿಮಾನ ಪಕ್ಕಕ್ಕೆ ಮಗುಚಿ ಹಾರುವಾಗ ಒಡಲೇ ರೆಕ್ಕೆಯ ಕೆಲಸ ಮಾಡಬೇಕು. ಇಷ್ಟೆಲ್ಲ ಸ್ಪರ್ಧೆಯ ನಿಯಮದ 2 ಮೀಟರ್ ಉದ್ದಗಲ, 5 ಕಿಲೊ ತೂಕದ ಮಿತಿಯೊಳಗೆ.

ಜೆಟ್ಟಿಗೆ ಪಂಖಾ ಇಲ್ಲ, ಹೋಲಿಕೆ ಸಲ್ಲದು ಎನ್ನುವ ಆಕ್ಷೇಪ ಅರ್ಧ ನಿಜ. ಹಾಕ್ ಇರುವುದು ಯುದ್ಧವಿಮಾನಕ್ಕೆ ಪೈಲಟ್‌ಗಳನ್ನು ತಯಾರು ಮಾಡಲು, ಅದಕ್ಕೆ ವೇಗ ಬೇಕೇಬೇಕು. ಆದರೆ ತ್ರಿಜ್ಯದ ಲೆಕ್ಕ ಜೆಟ್ಟು, ಮಾಡಲ್ ಎಂದು ಭೇದ ಮಾಡುವುದಿಲ್ಲ. ಇನ್ನು ವಾಯುನೆಲೆಯ ಮಗ್ಗುಲಲ್ಲಿ ಮಾಡಲ್ ಹಾರಿಸುವ ಮಾತೇ ಇಲ್ಲ. ಬಯಲು ಬೇಕೆಂದರೆ ಭಾಲ್ಕಿ, ಔರಾದ್ ಕಡೆಗೇ ಹೋಗಬೇಕು. ಅಲ್ಲೂ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸಬಹುದಾದ ಎತ್ತರ 400 ಅಡಿ. ಆದರೆ 150 ಮೀಟರ್ ದೂರದಲ್ಲಿ 60 ಡಿಗ್ರಿವರೆಗೆ ಏರುವ ಕಸರತ್ತಿನ ಚೌಕಟ್ಟು 850 ಅಡಿ ಮುಟ್ಟುತ್ತದೆ, ಅಂದರೆ ಅದಕ್ಕೆ ಅನುಮತಿ ಬೇಕು.