ಮೊದಲು ವೈರ್ ನೋಡ್ರಿ

ಬೆಳಗಾವಿಯ ಖಾಸಬಾಗದಲ್ಲಿ ಕಟ್ಟೆಯ ಮೇಲೆ ಕೂತು ಮಾತಾಡುವವರಿಗೆ ದನಿ ಸ್ವಲ್ಪ ದೊಡ್ಡದೇ ಇರಬೇಕು. ಓಣಿಯುದ್ದಕ್ಕೂ ಪವರ್‌ಲೂಮುಗಳ ಖಟಖಟ. ಹುಟ್ಟಿದಾಗಿನಿಂದ ಕೇಳಿದ ಕಿವಿಗೆ ಅದೊಂದು ಸದ್ದೇ ಅಲ್ಲ. ಅದು ನಿಂತಾಗಲೇ ಎಲ್ಲರೂ ತಲೆ ಎತ್ತುತ್ತಾರೆ: ‘ಕರೆಂಟ್ ಹೋತು ನೋಡ್ರಿ.’ ಮಗ್ಗ ನಿಂತರೆ ನೇಕಾರನಿಗೆ ಚಿಂತೆ. ಈಗ ಅವರ ಸಾಲಿಗೆ ಇನ್ನೊಂದು ವರ್ಗ ಸೇರಿದೆ. ಅಂಗೈಯಷ್ಟು ಬೋರ್ಡಿನ ಮೇಲೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡಿಸುವ ಹುಡುಗರು.

ವಿಟಿಯು ಎಂಬ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಊರು ಇದು. ಪ್ರಾಜೆಕ್ಟಿನ ದಿನ ಹತ್ತಿರ ಬಂದವೆಂದರೆ ಹುಡುಗರ ಚೀಲದಿಂದ ಒಂದಲ್ಲ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಹೊರಬರುತ್ತದೆ. ಅದರ ಹುಟ್ಟಿದ ದಿನ ಗೊತ್ತೇನ್ರಿ? 2012ರ ಫೆಬ್ರವರಿ 29. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ! ಆಗಿನ ಬೆಲೆ 35 ಡಾಲರ್, ಮೆಮೊರಿ 256 ಎಂಬಿ, ಹಾರ್ಡ್ ಡಿಸ್ಕ್ ಇಲ್ಲವೇ ಇಲ್ಲ. ಇಡೀ ಲಿನಕ್ಸ್ ಒಂದು ಮೆಮೊರಿ ಕಾರ್ಡಿನಲ್ಲಿ ಮುದುಡಿ ಕೂತಿರುತ್ತದೆ. ಶಾಲೆಯ ಮಕ್ಕಳಿಗೆ ಕಂಪ್ಯೂಟರಿನ ಒಳಗನ್ನು ತೋರಿಸಬೇಕೆಂದು ಕೇಂಬ್ರಿಜ್‌ನಲ್ಲಿ ಕೆಲವರು ಹಟ ಹಿಡಿದು ಮಾಡಿದ ಕೆಲಸ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಪೈ ಬರುವುದಕ್ಕೆ 11 ವರ್ಷ ಮೊದಲೇ, 2001ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ‘ಸಿಂಪ್ಯೂಟರ್’ ಎಂಬ ಕೈಗಣಕದ ಮಾದರಿಯನ್ನು ತೋರಿಸಿದ್ದರು. ಸ್ಟ್ರಾಂಗ್‌ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್, ನಮ್ಮ ಭಾಷೆಗಳಿಗೂ ಜಾಗ. ಓದು ಬಾರದ ರೈತನೂ ಬಳಸುವಂತಿರಬೇಕು ಎಂಬ ಆಸೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ‘ಅಮಿಡಾ’ ಎಂಬ ಹೆಸರಿನಲ್ಲಿ ತಯಾರಿಸಿತು. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ನಿಜ. ಆದರೆ ಚಿಕ್ಕ ಬೋರ್ಡಿನೊಳಗೆ ಲಿನಕ್ಸ್ ಕೂರಿಸಿ, ಅದು ಮುನಿಸಿಕೊಂಡಾಗ ರಮಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ನನಗೆ ಇದರ ಬಗ್ಗೆ ಅಭಿಮಾನವಿದೆ.

ಮುನಿಸು ಅಂದೆನಲ್ಲ, ಅಲ್ಲಿಗೇ ಬರೋಣ. ಮೊನ್ನೆ ಹಿಂದಿನ ಓಣಿಯ ಹುಡುಗ ಬೋರ್ಡು ಹಿಡಿದು ಬಂದ.

‘ಕಾಕಾ, ಲಿನಕ್ಸ್ ಕೆಟ್ಟೈತ್ರಿ. ತಾನ ಬಂದ್ ಆಗಿ ತಾನ ಚಾಲೂ ಆಗತೈತಿ. ಈ ಮಗ್ಗ ಚಾಲೂ ಆದಾಗೆಲ್ಲಾ ವೋಲ್ಟೇಜ್ ಬೀಳತೈತಲ್ರಿ, ಅದರಿಂದನ ಇರಬೇಕು.’

ಎದುರುಮನೆಯ ಅಜ್ಜಾರು ಅಲ್ಲೇ ಕೂತಿದ್ದರು. ಐವತ್ತು ವರ್ಷ ಸೀರೆ ನೇಯ್ದ ಕೈ. ‘ನಮ್ಮ ಮಗ್ಗದ ಮ್ಯಾಲ ಯಾಕ ಹಾಕ್ತೀಯೋ ತಮ್ಮಾ? ಮೊದಲ ನಿನ್ನ ವೈರ್ ನೋಡು’ ಎಂದರು.

ಅಜ್ಜಾರ ಮಾತೇ ಸರಿ. ಒಳ್ಳೆಯ ಅಡಾಪ್ಟರು 100ರಿಂದ 240 ವೋಲ್ಟ್ ತನಕ ಏನು ಬಂದರೂ ತಡೆದುಕೊಂಡು 5 ವೋಲ್ಟ್ ಕೊಡುತ್ತದೆ. ಬಲ್ಬು ಒಂದು ಕ್ಷಣ ಮಂಕಾದರೆ ಅದಕ್ಕೇನೂ ಆಗುವುದಿಲ್ಲ. ಹುಡುಗ ಹಚ್ಚಿದ್ದು ಫೋನಿನ ಹಳೆಯ ಚಾರ್ಜರು, ಜೊತೆಗೆ ದಾರದಂತೆ ಸಣ್ಣ, ಉದ್ದ ವೈರು. ಅವನ ಬೋರ್ಡು ಪೈ 4, ಅದಕ್ಕೆ 3 ಆಂಪಿಯರ್ ಕೊಡಬಲ್ಲ ಅಡಾಪ್ಟರು ಬೇಕು. ಅಷ್ಟು ಕರೆಂಟು ಸಣ್ಣ ವೈರಿನಲ್ಲಿ ಹರಿದರೆ ವೋಲ್ಟೇಜು ದಾರಿಯಲ್ಲೇ ಸವೆದುಹೋಗುತ್ತದೆ. 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಒಂದು ಮಿಂಚಿನ ಗುರುತು ಬರುತ್ತದೆ. ಎಷ್ಟು ಜನ ಅದನ್ನು ನೋಡಿಯೂ ಚಿತ್ರ ಚೆಂದವಿದೆಯೆಂದು ಸುಮ್ಮನಿರುತ್ತಾರೆ! ಪರದೆ ಇಲ್ಲದಿದ್ದರೂ ಲಿನಕ್ಸ್ ತನ್ನ ದಿನಚರಿಯಲ್ಲಿ ‘ಅಂಡರ್‌ವೋಲ್ಟೇಜ್’ ಎಂದು ಬರೆದಿಟ್ಟಿರುತ್ತದೆ. ‘ಡಿಮೆಸೆಜ್’ ಎಂದು ಕೇಳಿದರೆ ಓದಿ ಹೇಳುತ್ತದೆ. ಪಾಪ, ಅದು ಕೆಟ್ಟಿಲ್ಲ. ಹಸಿದಿದೆ, ಹಸಿದಿದ್ದೇನೆ ಅಂತ ಹೇಳುತ್ತಲೂ ಇದೆ.

ಅಜ್ಜಾರ ಮಾತಿನಿಂದ ನೆನಪಾಯಿತು, ಜಕಾರ್ಡ್ ಮಗ್ಗ ನೋಡಿದ್ದೀರಾ? 1804ರ ಸುಮಾರಿಗೆ ಫ್ರಾನ್ಸಿನ ಲಿಯೊನ್ ಪಟ್ಟಣದ ಜೋಸೆಫ್ ಮರೀ ಜಕಾರ್ಡ್ ಅದಕ್ಕೊಂದು ರೂಪ ಕೊಟ್ಟ. ರಟ್ಟಿನ ಮೇಲೆ ತೂತು, ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಇರುತ್ತದೆ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ರಟ್ಟುಗಳನ್ನು ಯೋಚಿಸಿದ. ಸೀರೆಯ ಸೆರಗಿನಲ್ಲಿ ಒಂದು ಹೂವು ಮುರಿದರೆ ನಮ್ಮ ನೇಕಾರರು ಇಡೀ ಮಗ್ಗ ಬಿಚ್ಚುವುದಿಲ್ಲ. ಮೊದಲು ಹಾಸಿನ ಎಳೆ ಕಡಿದಿದೆಯೋ ನೋಡುತ್ತಾರೆ, ಆಮೇಲೆ ಲಾಳಿ, ಕೊನೆಗೆ ರಟ್ಟು. ಬೋರ್ಡಿನ ತೊಂದರೆಯನ್ನೂ ಹೀಗೇ ಹುಡುಕಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮೊದಲು ಕರೆಂಟು, ಆಮೇಲೆ ಕಾರ್ಡು, ಕೊನೆಗೆ ಪ್ರೋಗ್ರಾಮು. ಹುಡುಗರು ತಿರುಗುಮುರುಗಾಗಿ ಶುರುಮಾಡುತ್ತಾರೆ. ಏನೇ ಆಗಲಿ, ಎಲ್ಲಾ ಅಳಿಸಿ ಹೊಸದಾಗಿ ಹಾಕು! ಅಳಿಸಿದ ಮೇಲೆ ರೋಗ ಏನಿತ್ತೆಂದು ಯಾರಿಗೆ ಗೊತ್ತಾಗಬೇಕು?

ಕಾರ್ಡಿನ ವಿಷಯ ಮಾತ್ರ ನಿಜಕ್ಕೂ ನಾಜೂಕು. ಲಿನಕ್ಸ್ ಬರೆಯಬೇಕಾದ್ದನ್ನೆಲ್ಲ ಆ ಕ್ಷಣವೇ ಬರೆಯುವುದಿಲ್ಲ. ಮೆಮೊರಿಯಲ್ಲಿ ಕೂಡಿಟ್ಟುಕೊಂಡು ಸ್ವಲ್ಪ ಹೊತ್ತಿನ ಮೇಲೆ ಕಾರ್ಡಿಗೆ ಇಳಿಸುತ್ತದೆ. ನಡುವೆ ಕರೆಂಟು ಹೋದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಂತಿತು. ‘ಎಫ್‌ಎಸ್‌ಸಿಕೆ’ ಎಂಬ ಅಪ್ಪಣೆ ಬಹಳಷ್ಟು ಸಲ ರಿಪೇರಿ ಮಾಡಿಕೊಡುತ್ತದೆ, ಪ್ರತಿ ಸಲವೂ ಅಲ್ಲ. ದಿನವಿಡೀ ಒಂದೇ ಕೆಲಸ ಮಾಡುವ ಬೋರ್ಡಾದರೆ, ಅದರ ಕಾರ್ಡನ್ನು ಓದಲಿಕ್ಕೆ ಮಾತ್ರ ಬಿಟ್ಟು ಬರೆಯದಂತೆ ಬಂದೋಬಸ್ತು ಮಾಡುವ ಸೌಲಭ್ಯ ಪೈಯ ಸೆಟ್ಟಿಂಗ್‌ನಲ್ಲೇ ಇದೆ. ಓವರ್‌ಲೇ ಅನ್ನುತ್ತಾರೆ. ಆಮೇಲೆ ಕರೆಂಟು ಎಷ್ಟು ಸಲವಾದರೂ ಹೋಗಲಿ.

ಕರೆಂಟು ಹೋಗಿ ಬಂದಾಗ ಇನ್ನೊಂದು ವಿಚಿತ್ರ ಕಾಣುತ್ತದೆ. ಬೋರ್ಡು ನಿನ್ನೆಯಲ್ಲೇ ಇರುತ್ತದೆ. ಪೈ 4ರ ತನಕ ಯಾವುದರಲ್ಲೂ ಬ್ಯಾಟರಿಯ ಗಡಿಯಾರವೇ ಇಲ್ಲ. ಇಂಟರ್‌ನೆಟ್ಟಿನಿಂದ ವೇಳೆ ಕೇಳಿ ತಿಳಿಯಬೇಕು. ವೇಳೆ ತಪ್ಪಿದರೆ ಇಂಟರ್‌ನೆಟ್ಟಿನ ಎಷ್ಟೋ ತಾಣಗಳನ್ನು ಬೋರ್ಡು ನಂಬುವುದೇ ಇಲ್ಲ, ಏಕೆಂದರೆ ಅವುಗಳ ಭದ್ರತಾ ಪತ್ರಕ್ಕೆ ತಾರೀಖು ಇರುತ್ತದೆ. ನೆಟ್ ಹಾಳಾಗಿದೆ ಎಂದು ರಾತ್ರಿಯಿಡೀ ತಲೆ ಕೆಡಿಸಿಕೊಂಡವರಿಗೆ ತಾರೀಖು ನೋಡಿ ಅಂತ ಯಾರಾದರೂ ಹೇಳಬೇಕಿತ್ತು! 2023ರ ಪೈ 5ರಲ್ಲಿ ಗಡಿಯಾರ ಬಂದಿದೆ, ಬ್ಯಾಟರಿಯನ್ನು ಮಾತ್ರ ಬೇರೆ ಕೊಳ್ಳಬೇಕು.

ವಿಚಿತ್ರದ ಮಾತಿಗೆ ವಿಚಿತ್ರ. 2015ರಲ್ಲಿ ಪೈ 2 ಬಂದಾಗ ಯಾರೋ ಕ್ಯಾಮೆರಾದಿಂದ ಅದರ ಫೋಟೋ ತೆಗೆದರು. ಫ್ಲ್ಯಾಷ್ ಹೊಳೆಯಿತು, ಬೋರ್ಡು ಬಂದ್! ಮತ್ತೆ ತೆಗೆದರು, ಮತ್ತೆ ಬಂದ್. ಕರೆಂಟು ಹದ ಮಾಡುವ ಒಂದು ಚಿಪ್ಪಿಗೆ ಮೇಲ್ಕವಚವಿರಲಿಲ್ಲ. ಕ್ಸೆನಾನ್ ಫ್ಲ್ಯಾಷಿನ ಬೆಳಕು ಸಿಲಿಕಾನಿಗೆ ತಾಗಿ ಅದು ಗೊಂದಲಕ್ಕೆ ಬೀಳುತ್ತಿತ್ತು. ಮದ್ದೇನು? ಚಿಪ್ಪಿನ ಮೇಲೆ ಒಂದು ಚಿಟಿಕೆ ಅಂಟುಮೇಣ ಒತ್ತುವುದು. ನೋಡಿ, ಅಲ್ಲಿಯೂ ಲಿನಕ್ಸಿನ ತಪ್ಪು ಎಳ್ಳಷ್ಟೂ ಇಲ್ಲ.

ಪರದೆ ಪೂರ್ತಿ ಕಪ್ಪಾಗಿದ್ದರೆ? ಆಗಲೂ ದಾರಿಯಿದೆ. ಬೋರ್ಡಿನ ಅಂಚಿನ ಪಿನ್ನುಗಳಿಗೆ ಮೂರು ವೈರು ಹಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಸೀರಿಯಲ್ ಕನ್ಸೋಲ್, ಅಂದರೆ ಅಕ್ಷರದಲ್ಲೇ ಮಾತಾಡುವ ದಾರಿ, ಸಿಗುತ್ತದೆ. ಆದರೆ ಮೊದಲೇ ಸೆಟ್ಟಿಂಗ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಒಂದು ಕಡೆಯ ಕಳಿಸುವ ವೈರು ಇನ್ನೊಂದು ಕಡೆಯ ಕೇಳುವ ಪಿನ್ನಿಗೆ ಹೋಗಬೇಕು, ವೇಗ 115200. ನಡುವೆ ಹಾಕುವ ಸೀರಿಯಲ್ ಅಡಾಪ್ಟರು 3.3 ವೋಲ್ಟಿನದೇ ಇರಲಿ, 5 ವೋಲ್ಟ್ ಕೊಟ್ಟರೆ ಪಿನ್ನು ಸುಡಬಹುದು. ಕಣ್ಣಿಗೆ ಸತ್ತಂತೆ ಕಂಡ ಬೋರ್ಡು ಅಲ್ಲಿ ಸಾಲುಸಾಲಾಗಿ ಮಾತಾಡುವುದನ್ನು ಮೊದಲ ಸಲ ನೋಡಿದ ಹುಡುಗನ ಮುಖ ನೋಡಬೇಕು ನೀವು.

ಕನ್ನಡ ಅಕ್ಷರದ ಬದಲು ಚೌಕ ಡಬ್ಬಿ ಕಂಡರೆ ಅದು ಎಲ್ಲಕ್ಕಿಂತ ಸುಲಭದ ರಿಪೇರಿ. ಡೆಬಿಯನ್ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ, ಒಂದೇ ಅಪ್ಪಣೆಗೆ ಬಂದು ಕೂರುತ್ತವೆ.

ಹುಡುಗನಿಗೆ ದಪ್ಪ ವೈರಿನ 3 ಆಂಪಿಯರ್ ಅಡಾಪ್ಟರು ಕೊಟ್ಟೆ, ಬೋರ್ಡು ಅಂದಿನಿಂದ ಒಮ್ಮೆಯೂ ನಿಂತಿಲ್ಲ. ನಿಮ್ಮ ಮನೆಯಲ್ಲೂ ಕೆಟ್ಟಿದೆ ಎಂದು ಮೂಲೆಗೆ ಹಾಕಿದ ಬೋರ್ಡೊಂದು ಇರಬಹುದು. ಎಸೆಯಬೇಡ್ರಿ. ಓಣಿಯ ಹುಡುಗರಿಗೆ ಕೊಡ್ರಿ, ಕೊಡುವಾಗ ಜೊತೆಗೆ ಸರಿಯಾದ ಅಡಾಪ್ಟರನ್ನೂ ಕೊಡ್ರಿ.