ಗಂಟಲು ಕಟ್ಟಿದಾಗ

ಮನೆಯಲ್ಲಿ ಒಬ್ಬರ ಕಾಲು ಉಳುಕಿದರೆ ಹತ್ತು ಜನ ಬಂದು ನೋಡುತ್ತಾರೆ. ಕಣ್ಣು ಕೆಂಪಾದರೆ ಅಂದೇ ವೈದ್ಯರಲ್ಲಿಗೆ ಹೋಗಿರೆಂದು ನಾಲ್ಕು ಜನ ಹೇಳುತ್ತಾರೆ. ಗಂಟಲು ಕಟ್ಟಿದರೆ ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 'ಥಂಡಿಯಾಗಿರಬೇಕು', 'ಹುಳಿಮೊಸರು ತಿಂದಿರಬೇಕು' ಎಂದು ಒಂದು ಮಾತನಾಡಿ, ಮೆಣಸಿನ ಕಷಾಯ ಕುಡಿಸಿ, ಮರೆತುಬಿಡುವುದು ವಾಡಿಕೆ. ನಾವೂ ಹಾಗೆ ಮರೆತವರೇ. ಒಂದೇ ಮನೆಯಲ್ಲಿ ಇಬ್ಬರ ಗಂಟಲು ಕಟ್ಟಿದ್ದಾಗ, ಯಾರದನ್ನು ನಾವು ಹೆಚ್ಚೆಂದು ಎಣಿಸಿದ್ದೆವೋ ಅದು ಸಣ್ಣದಾಗಿಯೂ, ಯಾರದನ್ನು ಗಮನಿಸಿಯೇ ಇರಲಿಲ್ಲವೋ ಅದು ದೊಡ್ಡದಾಗಿಯೂ ಪರಿಣಮಿಸಿದ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಬಹು ದಿನಗಳಿಂದ ಯೋಚಿಸುತ್ತಿದ್ದೆವು.

ನಮ್ಮ ಮನೆಯವರು ಮೈಸೂರಿನ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಉಪಾಧ್ಯಾಯಿನಿಯಾಗಿದ್ದಾರೆ. ಅರುವತ್ತು ಮಕ್ಕಳ ತರಗತಿ. ಹೊರಗೆ ಬಸ್ಸುಗಳ ಗಲಾಟೆ. ಸಾಯಂಕಾಲ ಮನೆಗೆ ಬರುವಾಗ ಅವರ ದನಿ ಒಡೆದ ಮಡಕೆಯಂತಿರುತ್ತಿತ್ತು. ಭಾನುವಾರ ಸ್ವಲ್ಪ ಸರಿಹೋಗಿ, ಸೋಮವಾರ ಮತ್ತೆ ಕೆಡುತ್ತಿತ್ತು. ಕಡೆಕಡೆಗೆ ಭಾನುವಾರವೂ ಸರಿಹೋಗದಂತಾಯಿತು. ದೇವರ ಮುಂದೆ ಹಾಡುವಾಗ ಮೇಲಿನ ಸ್ವರಗಳು ಬಾರದೆ ಬರಿಯ ಗಾಳಿ ಬರುತ್ತಿದ್ದುದನ್ನು ಕಂಡು ನಮ್ಮ ತಾಯಿಯವರು ಜೇಷ್ಠಮಧು, ಹಿಪ್ಪಲಿ, ಕಲ್ಲುಸಕ್ಕರೆ ಎಂದು ಒಂದೊಂದಾಗಿ ಡಬ್ಬಿಗಳನ್ನು ತೆರೆದರು.

ಎರಡನೆಯವರು ನಮ್ಮ ಸೋದರಮಾವ. ಶಿವಮೊಗ್ಗದ ಕಡೆಯ ಒಂದು ಹಳ್ಳಿಯವರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ, ಪತ್ನೀವಿಯೋಗವಾದ ಮೇಲೆ ನಮ್ಮಲ್ಲಿಯೇ ಇದ್ದಾರೆ. ಗಮಕ ಅವರ ಪ್ರಾಣ. ಶ್ರಾವಣ ಬಂತೆಂದರೆ ಬೀದಿಯ ಕೊನೆಯ ಗುಡಿಯಲ್ಲಿ ತಿಂಗಳು ಪೂರ್ತಿ ಕುಮಾರವ್ಯಾಸ ಭಾರತವನ್ನು ಓದುವವರು. ಅವರ ದನಿಯೂ ಆ ವರ್ಷ ಗೊಗ್ಗರಾಗಿತ್ತು. ಭಾರತ ಓದಿದವರ ಗಂಟಲು ಮತ್ತೆ ಹೇಗಿರಬೇಕು ಎಂದು ಅವರೂ ಅಂದರು, ನಾವೂ ಅಂದೆವು. ಅಲ್ಲಿಗೆ ಮುಗಿಯಿತು.

ಮಾಘಮಾಸದಲ್ಲಿ ನಮ್ಮ ಮನೆಯವರನ್ನು ಕಿವಿ ಮೂಗು ಗಂಟಲಿನ ವೈದ್ಯೆಯೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಮಾವನವರು ಬರಿದೆ ಜೊತೆಗೆ ಬಂದರು. ಬರುವಾಗ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳಬೇಕಾಗಿತ್ತು.

ವೈದ್ಯೆ ಮೊದಲು ಉದ್ದನೆಯ ಹಿಡಿಯುಳ್ಳ ಒಂದು ಪುಟ್ಟ ಕನ್ನಡಿಯನ್ನು ತೆಗೆದುಕೊಂಡು, ಉಸಿರಿನ ಆವಿ ಕಟ್ಟದಂತೆ ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಕಿರುನಾಲಿಗೆಯ ಹತ್ತಿರ ಹಿಡಿದು ನೋಡಿದರು. ಈ ಕನ್ನಡಿಯ ಕಥೆ ಸ್ವಾರಸ್ಯವಾದದ್ದು. ಬದುಕಿರುವ ಮನುಷ್ಯನ ಗಂಟಲಿನೊಳಗೆ ಸ್ವರ ಹುಟ್ಟುವುದನ್ನು ಹೀಗೆ ಕನ್ನಡಿಯಲ್ಲಿ ಕಂಡು ಲೋಕಕ್ಕೆ ತಿಳಿಸಿದವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು. ಮಾನುಯೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಆ ಗಾಯನಾಚಾರ್ಯರು 1854ರಲ್ಲಿ ಪ್ಯಾರಿಸ್ಸಿನಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜಿನ ಮೇಲೆ ಬಿಸಿಲು ಥಳಥಳಿಸಿತಂತೆ. ಕೂಡಲೇ ಹಲ್ಲಿನ ವೈದ್ಯರ ಕನ್ನಡಿಯೊಂದನ್ನು ಕೊಂಡು, ಬಿಸಿನೀರಿನಲ್ಲಿ ಅದ್ದಿ, ತಮ್ಮ ಬಾಯೊಳಗೆ ತಾವೇ ಇಟ್ಟುಕೊಂಡು, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿ ನೋಡಿಕೊಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಓದಲಾಯಿತು. ಅವರು ಬದುಕಿದ್ದುದು ನೂರೊಂದು ವರ್ಷ. ಸಂಗೀತಗಾರರಿಗೆ ವೈದ್ಯರ ಋಣವಿರುವುದು ಸರಿ. ವೈದ್ಯರಿಗೂ ಸಂಗೀತಗಾರರ ಋಣವುಂಟೆಂಬುದನ್ನು ಕೇಳಿ ಮಾವನವರು ಬಹಳ ಸಂತೋಷಪಟ್ಟರು.

ಕನ್ನಡಿಯಿಂದ ತೃಪ್ತರಾಗದೆ ವೈದ್ಯೆ, ಹುರಿಯಂತೆ ಬಾಗುವ ತೆಳ್ಳನೆಯ ನಳಿಕೆಯೊಂದನ್ನು ಮೂಗಿನ ಹೊಳ್ಳೆಯಿಂದ ಇಳಿಬಿಟ್ಟರು. ಅದರ ತುದಿಯಲ್ಲಿ ದೀಪವೂ ಕ್ಯಾಮೆರಾವೂ ಇರುತ್ತವೆ. ಕಂಡದ್ದೆಲ್ಲ ಎದುರಿನ ಪರದೆಯ ಮೇಲೆ ಮೂಡುತ್ತದೆ. ಧ್ವನಿತಂತುಗಳೆಂದು ಪುಸ್ತಕಗಳಲ್ಲಿ ಓದಿ ನಾವು ವೀಣೆಯ ತಂತಿಯಂತಹ ಏನನ್ನೋ ಕಲ್ಪಿಸಿಕೊಂಡಿದ್ದೆವು. ನೋಡಿದರೆ ತಂತಿಯೂ ಅಲ್ಲ, ದಾರವೂ ಅಲ್ಲ. ಕವೆಗೋಲಿನಂತೆ ಮುಂದೆ ಕೂಡಿ ಹಿಂದೆ ಅಗಲಿದ, ಮುತ್ತಿನ ಬಣ್ಣದ ಎರಡು ಮಡಿಕೆಗಳು. ಗಂಡಸರಲ್ಲಿ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ ಉದ್ದ. ಉಸಿರಾಡುವಾಗ ಅಗಲುತ್ತವೆ, ಮಾತನಾಡುವಾಗ ಕೂಡುತ್ತವೆ. ಕೆಳಗಿನಿಂದ ಬರುವ ಗಾಳಿ ಅವನ್ನು ಅದುರಿಸುತ್ತದೆ. ಹೆಂಗಸರ ಮಾತಿನಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರದರಲ್ಲಿ ಅದರ ಅರ್ಧದಷ್ಟು. ಅಂದರೆ ಉಪಾಧ್ಯಾಯಿನಿಯೊಬ್ಬರ ಗಂಟಲಿನಿಂದ ಒಟ್ಟು ಒಂದು ಗಂಟೆಯ ಸ್ವರ ಹೊರಟಿತೆಂದರೆ ಆ ಎರಡು ಮಡಿಕೆಗಳು ಏಳು ಲಕ್ಷಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಡಿಸಿದಂತಾಯಿತು. ಇಷ್ಟು ವೇಗದ ಚಲನೆ ಕಣ್ಣಿಗೆ ಸಿಕ್ಕುವುದಿಲ್ಲವಾದ್ದರಿಂದ, ದೀಪವನ್ನೇ ಅದಕ್ಕೆ ಹೊಂದುವಂತೆ ಮಿಣುಕಿಸಿ ಅದುರಾಟವು ನಿಧಾನವಾಗಿ ನಡೆದಂತೆ ತೋರಿಸುವ ಉಪಾಯವೊಂದುಂಟು. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಮೆಲ್ಲನೆ ತಿರುಗಿದಂತೆ ಕಾಣುವುದಿಲ್ಲವೇ, ಅದೇ ಬಗೆ.

ನಮ್ಮ ಮನೆಯವರ ಮಡಿಕೆಗಳ ಅಂಚಿನಲ್ಲಿ, ಎರಡು ಕಡೆಯೂ ಎದುರುಬದುರಾಗಿ, ಸಾಸಿವೆಯಂತಹ ಎರಡು ಗಂಟುಗಳಿದ್ದವು. ಕೈಯಲ್ಲಿ ಗುದ್ದಲಿ ಹಿಡಿದವನಿಗೆ ಅಂಗೈ ಜಡ್ಡುಗಟ್ಟುವಂತೆ, ಕೂಗಿ ಕಲಿಸುವವರಿಗೆ ಇವು ಆಗುತ್ತವೆಂದೂ, ಕ್ಯಾನ್ಸರಿಗೂ ಇವಕ್ಕೂ ಸಂಬಂಧವಿಲ್ಲವೆಂದೂ, ಕತ್ತರಿಸುವುದಕ್ಕೆ ಮೊದಲು ಮಾತನಾಡುವ ಕ್ರಮವನ್ನು ತಿದ್ದಿ ನೋಡಬೇಕೆಂದೂ ವೈದ್ಯೆ ಹೇಳಿದರು. ಕಷಾಯದ ವಿಷಯವನ್ನು ಕೇಳಿದಾಗ ಅವರು ನಕ್ಕು, 'ನುಂಗಿದ್ದು ಅಲ್ಲಿಗೆ ಹೋಗುವುದಿಲ್ಲಮ್ಮ. ನುಂಗುವಾಗ ಆ ಬಾಗಿಲು ಮುಚ್ಚಿಕೊಂಡು, ಕಷಾಯ ಹಿಂದಿನಿಂದ ಅನ್ನನಾಳಕ್ಕೆ ಇಳಿಯುತ್ತದೆ. ಒಂದು ತೊಟ್ಟು ಅಲ್ಲಿಗೆ ಹೋದರೂ ನೆತ್ತಿಗೆ ಹತ್ತಿತು ಎಂದು ಕೆಮ್ಮುತ್ತೀರಲ್ಲ!' ಎಂದರು. ಗಂಟಲಿಗೆ ಹಿತವಾಗುವುದಾದರೆ ಕುಡಿಯಲಡ್ಡಿಯಿಲ್ಲವಂತೆ. ಮನೆಗೆ ಬಂದು ನಾವು ಇದನ್ನು ಹೇಳಿದಾಗ ತಾಯಿಯವರು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ.

ಇಷ್ಟಾಗುವ ವೇಳೆಗೆ ಬೆಂಚಿನ ಮೇಲಿದ್ದ ಮಾವನವರು, 'ತಾಯಿ, ಈ ಮಗು ಕೆಲಸ ಬಿಡಬೇಕಾಗಿ ಬರುತ್ತದೆಯೇ?' ಎಂದು ಕೇಳಿದರು. ವೈದ್ಯೆ ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು.

'ನಿಮ್ಮ ದನಿ ಹೀಗಾಗಿ ಎಷ್ಟು ದಿನವಾಯಿತು, ತಾತ?'

'ಶ್ರಾವಣದಿಂದ ಹೀಗೇ ಇದೆ. ಭಾರತ ಓದಿದ್ದು.'

'ಈಗ ಮಾಘ. ನಡುವೆ ಒಂದು ದಿನವಾದರೂ ಸರಿಹೋಗಿತ್ತೇ? ಬೀಡಿ, ಸಿಗರೇಟು ಉಂಟೇ?'

ಮಾವನವರು ಮಾತನಾಡಲಿಲ್ಲ. ಊಟವಾದ ಮೇಲೆ ಹಿತ್ತಿಲ ಬಾವಿಕಟ್ಟೆಯ ಆಚೆಗೆ ಅವರು ಹೋಗಿ ಬರುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು; ಗೊತ್ತಿರುವುದು ಅವರಿಗೂ ಗೊತ್ತಿತ್ತು; ನಲವತ್ತು ವರ್ಷ ಯಾರೂ ಆ ಮಾತನ್ನು ಎತ್ತಿರಲಿಲ್ಲ. 'ಉಂಟು' ಎಂದು ನಾವೇ ಹೇಳಿದೆವು. ಸೊಸೆಯ ಎದುರಿಗೆ ಹಾಗೆ ಹೇಳಿದ್ದಕ್ಕೆ ಅವರು ತಲೆ ತಗ್ಗಿಸಿದ್ದು ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ.

ಪರದೆಯ ಮೇಲೆ ಅವರ ಬಲಗಡೆಯ ಮಡಿಕೆಯಲ್ಲಿ ಬೆಳ್ಳಗೆ, ಒರಟಾಗಿ, ಸುಣ್ಣ ಸಿಡಿದಂತಹ ಒಂದು ಮಚ್ಚೆ ಕಂಡಿತು. ಎರಡೂ ಮಡಿಕೆಗಳು ಚೆನ್ನಾಗಿ ಚಲಿಸುತ್ತಿದ್ದವು, ಅದು ಶುಭಲಕ್ಷಣವೆಂದರು. ಒಂದು ಮಡಿಕೆ ಚಲಿಸದೆ ನಿಂತಿದ್ದರೆ ಯೋಚನೆಯ ದಾರಿಯೇ ಬೇರೆಯಾಗುವುದಂತೆ. ಎಡಗಡೆಯ ಮಡಿಕೆಯ ನರವು ಕುತ್ತಿಗೆಯಿಂದ ನೇರವಾಗಿ ಅಲ್ಲಿಗೆ ಬಾರದೆ, ಎದೆಯೊಳಕ್ಕೆ ಇಳಿದು ಮಹಾರಕ್ತನಾಳವನ್ನು ಬಳಸಿಕೊಂಡು ಮತ್ತೆ ಮೇಲೇರುವುದರಿಂದ, ಎದೆಯ ರೋಗವು ಕೂಡ ಗೊಗ್ಗರು ದನಿಯಾಗಿ ಮೊದಲು ತೋರುವುದುಂಟು.

ಮರುವಾರ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ, ಮಚ್ಚೆಯ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶಕ್ಕೆ ಎಂಟು ದಿನ. ಆ ಎಂಟು ದಿನ ನಾವು ಓದಬಾರದ್ದನ್ನೆಲ್ಲ ಓದಿದೆವು. ಜರ್ಮನಿಯ ಯುವರಾಜ ಫ್ರೆಡರಿಕ್‌ನ ಗಂಟಲು 1887ರ ಆದಿಯಲ್ಲಿ ಕಟ್ಟಿತು. ತುಣುಕನ್ನು ಪರೀಕ್ಷಿಸಿದ ಮಹಾಪಂಡಿತ ವಿರ್ಖೋ ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲವೆಂದರು. ಶಸ್ತ್ರಚಿಕಿತ್ಸೆ ಬೇಕೆಂದು ಜರ್ಮನ್ ವೈದ್ಯರು, ಬೇಡವೆಂದು ಇಂಗ್ಲೆಂಡಿನಿಂದ ಬಂದ ಮೆಕೆಂಜಿ. ಕಡೆಗೆ ಅದು ಕ್ಯಾನ್ಸರೇ ಆಗಿದ್ದು, 1888ರಲ್ಲಿ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿಕೊಂಡು, ಮಾತಿಲ್ಲದೆ ಚೀಟಿಗಳಲ್ಲಿ ಬರೆದು ಆಳಿದ ಆ ಚಕ್ರವರ್ತಿ 99 ದಿನಗಳಿಗೆ ತೀರಿಹೋದನು. ಇದನ್ನು ಓದಿ ನಾವು ರಾತ್ರಿಯೆಲ್ಲ ನಿದ್ರೆ ಮಾಡಲಿಲ್ಲ. ಮಾವನವರು ಚೆನ್ನಾಗಿ ನಿದ್ರೆ ಮಾಡಿದರು.

ಬಂದ ಫಲಿತಾಂಶ ಕ್ಯಾನ್ಸರ್ ಎಂದೇ. ಆದರೆ ಆ ಮಾತನ್ನು ಹೇಳಿದ ಉಸಿರಿನಲ್ಲಿಯೇ ವೈದ್ಯೆ ಇನ್ನೊಂದನ್ನೂ ಹೇಳಿದರು. ಹೊಟ್ಟೆಯಲ್ಲಿಯೋ ಶ್ವಾಸಕೋಶದಲ್ಲಿಯೋ ಇಂತಹದು ಬೆಳೆದರೆ ಬಹುಕಾಲ ಯಾರಿಗೂ ತಿಳಿಯುವುದಿಲ್ಲ. ಧ್ವನಿಯ ಮಡಿಕೆಯ ಅಂಚಿನಲ್ಲಿ ಕಡಲೆಯಷ್ಟು ಬೆಳೆಯುವುದರೊಳಗೆ ದನಿಯೇ ಕೆಟ್ಟು ಸಾರುತ್ತದೆ. ಅಲ್ಲಿ ದುಗ್ಧರಸನಾಳಗಳು ಬಹಳ ವಿರಳವಾದ್ದರಿಂದ ಬೇಗನೆ ಹರಡುವುದೂ ಇಲ್ಲ. ಈ ಮೊದಲ ಹಂತದಲ್ಲಿ ಸಿಕ್ಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಷ್ಟು ಗುಣವಾಗುತ್ತಾರೆ. ಮೂರು ನಾಲ್ಕು ವಾರ ಕಳೆದರೂ ಬಿಡದ ಗೊಗ್ಗರನ್ನು, ಅದರಲ್ಲಿಯೂ ಹೊಗೆ ಸೇದುವವರದನ್ನು, ಒಳಗೆ ನೋಡಿಯೇ ತೀರಬೇಕೆನ್ನುವುದು ಈ ಕಾರಣದಿಂದ. ಮಾವನವರು ಆರು ತಿಂಗಳು ಕಳೆದಿದ್ದರು. ಇಷ್ಟರ ಮೇಲೂ ಅದು ಮೊದಲ ಹಂತದಲ್ಲಿಯೇ ಇದ್ದುದು ಅವರ ಪುಣ್ಯ. ನಮ್ಮ ಎಚ್ಚರಿಕೆಯಂತೂ ಅಲ್ಲ.

ಲೇಸರ್ ಕಿರಣದಿಂದ ಸುಟ್ಟು ತೆಗೆಯುವುದು ಒಂದು ದಾರಿ, ವಿಕಿರಣ ಚಿಕಿತ್ಸೆ ಇನ್ನೊಂದು. ಎರಡೂ ಒಳ್ಳೆಯವೇ. ಅವರ ಮಚ್ಚೆಯ ವಿಸ್ತಾರವನ್ನೂ, ಗಮಕದ ಹಂಬಲವನ್ನೂ ತೂಗಿ ನೋಡಿ ಎರಡನೆಯದನ್ನು ಆರಿಸಿದರು. ವಾರಕ್ಕೆ ಐದು ದಿನದಂತೆ ಒಟ್ಟು 28 ಸಲ. ಹಾಸಿಗೆಯ ಮೇಲೆ ಅಲುಗದೆ ಮಲಗಬೇಕು, ಕೆಲವು ನಿಮಿಷಗಳ ಕೆಲಸ, ಆಗ ನೋವಿಲ್ಲ. ಮೂರನೆಯ ವಾರದಿಂದ ಗಂಟಲು ಹುಣ್ಣಾಯಿತು, ಕುತ್ತಿಗೆಯ ಚರ್ಮ ಕಪ್ಪಿಟ್ಟಿತು, ದನಿ ಪೂರ್ತಿ ಅಡಗಿತು. ಮೊಸರನ್ನವನ್ನು ಗಂಜಿಯಂತೆ ಮಾಡಿಕೊಡಬೇಕಾಯಿತು. ಮೊದಲ ದಿನ ಆಸ್ಪತ್ರೆಗೆ ಹೊರಡುವ ಮುನ್ನ ಅವರು ಬಾವಿಕಟ್ಟೆಯ ಕಡೆಗೆ ಹೋಗಿ, ಗೋಡೆಯ ಸಂದಿನಿಂದ ಬೀಡಿಯ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ತಂದು ಏನೂ ಹೇಳದೆ ನಮ್ಮ ಕೈಗೆ ಕೊಟ್ಟಿದ್ದರು.

ಅತ್ತ ನಮ್ಮ ಮನೆಯವರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ವಾರಕ್ಕೆರಡು ಸಲ ಹೋಗುತ್ತಿದ್ದರು. ಅಲ್ಲಿಯ ಹುಡುಗಿ 'ಆ' ಎಂದು ಒಂದೇ ಉಸಿರಿನಲ್ಲಿ ಎಳೆಯಿಸಿ ಎಷ್ಟು ಸೆಕೆಂಡು ನಿಲ್ಲುತ್ತದೆಂದು ಗಡಿಯಾರ ಹಿಡಿದು ನೋಡುವಳು. ಪದೇಪದೇ ಗಂಟಲು ಕ್ಯಾಕರಿಸಬಾರದು, ಬದಲಿಗೆ ಒಂದು ಗುಟುಕು ನೀರು ಕುಡಿಯಬೇಕು. ದಣಿದಾಗ ಪಿಸುಮಾತನಾಡಿದರೆ ವಿಶ್ರಾಂತಿಯೆಂದು ತಿಳಿಯಬಾರದು, ಮೆಲುದನಿಯಲ್ಲಿ ಆಡಬೇಕು ಅಥವಾ ಸುಮ್ಮನಿರಬೇಕು. ಇದೆಲ್ಲಕ್ಕಿಂತ ವಿನೋದವಾದದ್ದು, ಲೋಟದ ನೀರಿನಲ್ಲಿ ಕೊಳವೆಯನ್ನಿಟ್ಟು ಸ್ವರ ಹಿಡಿದು ಗುಳುಗುಳು ಎನ್ನಿಸುವ ಅಭ್ಯಾಸ. ಮೊಮ್ಮಗನೂ ಇನ್ನೊಂದು ಲೋಟ ಹಿಡಿದು ಪಕ್ಕದಲ್ಲಿ ಕುಳಿತುಬಿಡುವನು. ಮೂರು ತಿಂಗಳಲ್ಲಿ ಗಂಟುಗಳು ಬಹುಪಾಲು ಕರಗಿದವು. ಶಾಲೆಯಲ್ಲಿ ಕೊರಳಿಗೆ ತೂಗಹಾಕಿಕೊಳ್ಳುವ ಪುಟ್ಟ ಧ್ವನಿವರ್ಧಕವನ್ನು ಬಳಸುತ್ತಾರೆ. ಅದನ್ನು ಕೊಂಡದ್ದು ನಮ್ಮ ಖರ್ಚಿನಲ್ಲಿ.

ಮುಂದಿನ ಶ್ರಾವಣದಲ್ಲಿ ಗುಡಿಯಲ್ಲಿ ಬೇರೊಬ್ಬರು ಓದಿದರು. ಮಾವನವರು ಕಂಬಕ್ಕೆ ಒರಗಿ ಕುಳಿತು, ತುಟಿಯಾಡಿಸುತ್ತ ಕೇಳಿದರು. ಕಾರ್ತಿಕದ ಒಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಪುಸ್ತಕ ತೆರೆದು ಹತ್ತು ಪದ್ಯ ಓದಿದರು. ದನಿ ಮೊದಲಿನದಲ್ಲ, ಒಣಗಿದೆ, ಮೇಲೆ ಹೋದಾಗ ಅಂಚು ಕೊಂಚ ಹರಿಯುತ್ತದೆ. ಹನ್ನೊಂದನೆಯ ಪದ್ಯಕ್ಕೆ ಪುಟ ತಿರುಗಿಸುವಷ್ಟರಲ್ಲಿ ನಮ್ಮ ಮನೆಯವರು ಒಳಗಿನಿಂದ ನೀರಿನ ಲೋಟ ತಂದು ಮುಂದಿಟ್ಟು, 'ಇವತ್ತಿಗೆ ಸಾಕು, ಮಾವ' ಎಂದರು. ಅವರು ನೀರು ಕುಡಿದು, ಪುಟದ ನಡುವೆ ಒಂದು ತುಳಸಿಯ ದಳವನ್ನು ಗುರುತಿಗಿಟ್ಟು, ಪುಸ್ತಕವನ್ನು ಮುಚ್ಚಿದರು.